ಟ್ಯಾಬ್ ಹ್ಯಾಂಗ್ ಆಯ್ತಾ? ಬ್ರೌಸರ್ ಪೂರ್ತಿ ಮುಚ್ಚಬೇಡಿ

ದಾವಣಗೆರೆ ಮಾರುಕಟ್ಟೆಯ ಮೆಕ್ಕೆಜೋಳದ ದರಗಳನ್ನು ಒಂದು ವೆಬ್ ಪುಟದಿಂದ ಎತ್ತಿ ಸರಾಸರಿ ತೆಗೆಯಬೇಕು ಅಂದುಕೊಳ್ಳಿ. ಕಾಲೇಜು ಪ್ರಾಜೆಕ್ಟ್ ಮಾಡುವ ನಮ್ಮೂರ ಹುಡುಗ ಹುಡುಗಿಯರಿಗೆ ಇಂಥದ್ದು ಹೊಸತಲ್ಲ. ಎಫ್12 ಒತ್ತಿ, ಬ್ರೌಸರ್‌ನಲ್ಲೇ ಕೋಡ್ ಬರೆದು ಓಡಿಸುವ ಕನ್ಸೋಲ್‌ನಲ್ಲಿ ನಾಲ್ಕು ಸಾಲಿನ ವೈಲ್ ಲೂಪ್ (ಷರತ್ತು ನಿಜ ಇರುವವರೆಗೆ ಮತ್ತೆ ಮತ್ತೆ ಓಡುವ ಕೋಡ್) ಬರೆದು ಎಂಟರ್ ಹೊಡೆದಿರಿ. ಸಾಲು ಎಣಿಸುವ 'ಐ'ಗೆ ಒಂದು ಕೂಡಿಸುವುದು ಮರೆತಿತ್ತು, ಹಾಗಾಗಿ ಲೂಪ್ ಮುಗಿಯುವುದೇ ಇಲ್ಲ. ಮುಗೀತು! ಸ್ಕ್ರಾಲ್ ಇಲ್ಲ, ಕ್ಲಿಕ್ ಇಲ್ಲ, ಲ್ಯಾಪ್‌ಟಾಪ್ ಫ್ಯಾನ್ ಮಾತ್ರ ಜೋರು.

ಪುಟದ ಜಾವಾಸ್ಕ್ರಿಪ್ಟ್ ಕೋಡ್ ಓಡುವುದೂ ನಿಮ್ಮ ಕ್ಲಿಕ್‌ಗೆ ಉತ್ತರ ಕೊಡುವುದೂ ಒಂದೇ ಮುಖ್ಯ ಥ್ರೆಡ್‌ನಲ್ಲಿ, ಅಂದರೆ ಕೆಲಸಗಳು ಒಂದಾದ ಮೇಲೊಂದು ನಡೆಯುವ ಒಂದೇ ಸಾಲಿನಲ್ಲಿ. ಲೂಪ್ ಬಿಡುವವರೆಗೆ ಬೇರೆ ಯಾವುದಕ್ಕೂ ಸರದಿ ಬರುವುದಿಲ್ಲ. ಪುಟ ಸ್ಪಂದಿಸುತ್ತಿಲ್ಲ ಎಂಬ ಎಚ್ಚರಿಕೆ ಬಂದರೆ 'ಕಾಯಿರಿ' ಒತ್ತಬೇಡಿ. ಹೋಗಿ ಮಂಡಕ್ಕಿ ಮಿರ್ಚಿ ತಿಂದು ಬಂದರೂ ಆ ಲೂಪ್ ಮುಗಿಯುವುದಿಲ್ಲ.

ಮೊದಲು ಕ್ರೋಮ್‌ನಲ್ಲಿ ಎಫ್12 ತೆರೆದ ಕಿಟಕಿಯ ಸೋರ್ಸಸ್ ವಿಭಾಗಕ್ಕೆ ಹೋಗಿ ಎಫ್8 ಒತ್ತಿ. ಹೆಚ್ಚಿನ ಸಲ ಸ್ಕ್ರಿಪ್ಟ್ ಓಡುತ್ತಿದ್ದ ಸಾಲಿನಲ್ಲೇ ನಿಲ್ಲುತ್ತದೆ. 'ಐ' ಮೇಲೆ ಮೌಸ್ ಇಟ್ಟರೆ ಅದರ ಈಗಿನ ಮೌಲ್ಯ ಕಾಣುತ್ತದೆ. ಇನ್ನೂ ಸೊನ್ನೆಯಲ್ಲೇ ಇದ್ದರೆ ತಪ್ಪು ಎಲ್ಲಿ ಅಂತ ಗೊತ್ತಾಯಿತಲ್ವಾ? ಈಗ ಮತ್ತೆ ಓಡಿಸುವ ಬಟನ್ ಒತ್ತಿ ಹಿಡಿಯಿರಿ. ಚೌಕಾಕಾರದ ಸ್ಟಾಪ್ ಬಟನ್ ಬರುತ್ತದೆ, ಅದನ್ನು ಆರಿಸಿ. ಸ್ಕ್ರಿಪ್ಟ್ ಸಾಯುತ್ತದೆ, ಪುಟ ಉಳಿಯುತ್ತದೆ. ಅರ್ಧ ತುಂಬಿದ ಫಾರ್ಮ್ ಇದ್ದರೆ ಅದೂ ಉಳಿಯುತ್ತದೆ. ಅದಕ್ಕೇ ಈ ದಾರಿಯನ್ನು ಮೊದಲು ಹೇಳಿದ್ದು.

ಇದಕ್ಕೂ ಬಗ್ಗದಿದ್ದರೆ ಶಿಫ್ಟ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿ. ವಿಂಡೋಸ್, ಲಿನಕ್ಸ್‌ನಲ್ಲಿ ಕ್ರೋಮ್‌ನದೇ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಸಿಪಿಯು ಜಾಸ್ತಿ ತಿನ್ನುತ್ತಿರುವ ಟ್ಯಾಬ್ ಆರಿಸಿ, ಅದನ್ನು ಕೊನೆಗೊಳಿಸುವ ಬಟನ್ ಒತ್ತಿ. ಅದೇ ತಾಣದ ಬೇರೆ ಟ್ಯಾಬ್‌ಗಳೂ ಜೊತೆಗೆ ಹೋಗಬಹುದು, ನೋಡಿಕೊಳ್ಳಿ. ಫೈರ್‌ಫಾಕ್ಸ್ ಆದರೆ, ಈ ಪುಟ ಬ್ರೌಸರನ್ನು ನಿಧಾನ ಮಾಡುತ್ತಿದೆ ಎಂಬ ಸೂಚನೆಯನ್ನು ತಾನೇ ತೋರಿಸುತ್ತದೆ. ಅಲ್ಲೇ ನಿಲ್ಲಿಸಿದರಾಯಿತು.

ಒಂದೇ ಕೋಡನ್ನು ಇಷ್ಟಿಷ್ಟು ಸಮಯಕ್ಕೊಮ್ಮೆ ಓಡಿಸುತ್ತಲೇ ಇರುವ ಸೆಟ್‌ಇಂಟರ್ವಲ್‌ನ ಕಾಟ ಬೇರೆ ತರಹದ್ದು. ಪುಟ ನಡೆಯುತ್ತಿರುತ್ತದೆ, ಕನ್ಸೋಲ್‌ನಲ್ಲಿ ಮಾತ್ರ ಸಾಲುಗಳು ಸುರಿಯುತ್ತಲೇ ಇರುತ್ತವೆ. ಶುರು ಮಾಡಿದಾಗ ಅದು ಕೊಟ್ಟ ಸಂಖ್ಯೆಯನ್ನು, ಅದನ್ನು ನಿಲ್ಲಿಸುವ ಕ್ಲಿಯರ್‌ಇಂಟರ್ವಲ್‌ಗೆ ಕೊಡಿ. ಸಂಖ್ಯೆ ಬರೆದಿಟ್ಟುಕೊಂಡಿಲ್ಲವಾ? ಸುಮ್ನೆ ರೀಲೋಡ್ ಮಾಡಿ. ತನ್ನನ್ನೇ ಕರೆದುಕೊಳ್ಳುತ್ತಾ ಹೋಗುವ ಫಂಕ್ಷನ್‌ಗೆ ಸಾಮಾನ್ಯವಾಗಿ ಏನೂ ಮಾಡಬೇಕಿಲ್ಲ. ಕರೆಗಳ ಲೆಕ್ಕ ಇಡುವ ಜಾಗ (ಸ್ಟ್ಯಾಕ್) ತುಂಬಿ ಎರರ್ ಬಂದು ತಾನೇ ನಿಲ್ಲುತ್ತದೆ.

ಕಣ್ಣಿಗೆ ಸರಿ ಕಂಡರೂ ಮುಗಿಯದ ಲೂಪ್‌ಗಳಿವೆ. ಸೊನ್ನೆಗೆ 0.1 ಕೂಡಿಸುತ್ತಾ, ಮೊತ್ತ ಸರಿಯಾಗಿ 1 ಆದಾಗ ನಿಲ್ಲು ಎಂದು ಬರೆದು ನೋಡಿ. ಹತ್ತನೇ ಸಲಕ್ಕೆ ಸಿಗುವುದು 0.9999999999999999. ಕಂಪ್ಯೂಟರ್ 0.1 ಅನ್ನು ನಿಖರವಾಗಿ ಇಟ್ಟುಕೊಳ್ಳಲಾರದು. ಮೊತ್ತ 1 ಅನ್ನು ಮುಟ್ಟದೆ ದಾಟಿಹೋಗುತ್ತದೆ. 'ಸಮವಲ್ಲದೆ ಇರುವವರೆಗೆ' ಬದಲು 'ಕಡಿಮೆ ಇರುವವರೆಗೆ' ಎಂದರೆ ಲೂಪ್ ಖಂಡಿತ ನಿಲ್ಲುತ್ತದೆ, ಆದರೆ ಒಂದು ಸುತ್ತು ಜಾಸ್ತಿ ಓಡುತ್ತದೆ. ಅದಕ್ಕೆ ಪೂರ್ಣ ಸಂಖ್ಯೆಯಲ್ಲಿ ಎಣಿಸಿ, ಬೇಕಾದಾಗ ಹತ್ತರಿಂದ ಭಾಗಿಸುವುದೇ ವಾಸಿ.

ನನ್ನ ಕೇಳಿದರೆ, ಕನ್ಸೋಲ್‌ನ ಪ್ರತಿ ವೈಲ್ ಲೂಪ್‌ಗೂ ಒಂದು ಎಣಿಕೆ ಇಟ್ಟು, ಸುತ್ತು 10,000 ದಾಟಿದರೆ ಬ್ರೇಕ್ (ಲೂಪ್‌ನಿಂದ ಹೊರಗೆ ಬಾ) ಎಂದು ಬರೆದುಬಿಡಿ. ಸ್ಕ್ರಿಪ್ಟನ್ನು ಪೂರ್ತಿ ಮತ್ತೆ ಟೈಪ್ ಮಾಡಬೇಕಿಲ್ಲ. ಕನ್ಸೋಲ್‌ನಲ್ಲಿ ಮೇಲ್ಮುಖ ಬಾಣದ ಕೀಲಿ ಒತ್ತಿದರೆ ಹಳೆಯದು ಬರುತ್ತದೆ. ಶಿಫ್ಟ್ ಎಂಟರ್‌ನಿಂದ ಹೊಸ ಸಾಲು ಮಾಡಿ, ತಿದ್ದಿ, ಆಮೇಲೆ ಓಡಿಸಿ.