ಒಂದು ಇಕ್ಕಳದಿಂದ ಶುರುವಾದ ನಮ್ಮ ಸೋಲಾರ್ ಕೂಟ

ಪಾವಗಡದ ಸೋಲಾರ್ ಪಾರ್ಕ್‌ಗೆ ತಿರುಮಣಿ, ವಳ್ಳೂರು ಸೇರಿ ಐದು ಊರಿನ ರೈತರು ಸುಮಾರು 13,000 ಎಕರೆ ಕೊಟ್ಟಿದ್ದಾರೆ. ಮಾರಿಲ್ಲ, ಗುತ್ತಿಗೆಗೆ ಬಿಟ್ಟಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುತ್ತದೆ. ನಮ್ಮ ಮನೆಗೂ ಬರುತ್ತದೆ. ಆದರೆ 2019ರ ಕೊನೆಗೆ 2,050 ಮೆಗಾವಾಟ್ ಪೂರ್ತಿಯಾದಾಗ ಗುಂಡಿ ತೋಡುವ, ಕಂಬ ನೆಡುವ ಕೂಲಿ ನಿಂತಿತು. ನಮ್ಮವರಿಗೆ ಉಳಿದದ್ದು ಹುಲ್ಲು ಕೊಯ್ಯುವುದು, ಪ್ಯಾನೆಲ್ ತೊಳೆಯುವುದು, ಕಾವಲು. ದುರಸ್ತಿಗೆ ಮಾತ್ರ ಹೊರಗಿನವರು ಕಾರಿನಲ್ಲಿ ಬಂದಿಳಿಯುತ್ತಿದ್ದರು.

ಬೋರ್‌ವೆಲ್ ಮೋಟಾರಿಗೆ ವೈಂಡಿಂಗ್ ಮಾಡುವ ಅಂಗಡಿ ನನ್ನದು. ತಂತಿ ಜೋಡಿಸುವುದೇನು ಮಹಾ ಎಂದುಕೊಂಡು ಒಂದು ಕಂಪನಿಯಿಂದ, ಪ್ಯಾನೆಲ್ಲುಗಳ ಕೇಬಲ್ ಕೂಡಿಸುವ ಕನೆಕ್ಟರ್ ಬದಲಿಸುವ ಕೆಲಸ ಹಿಡಿದೆ. ಅಂಗಡಿಯಲ್ಲಿದ್ದ ಸಾದಾ ಇಕ್ಕಳದಲ್ಲೇ ಪಿನ್ನು ಒತ್ತಿದೆ. ಬೇಸಿಗೆಯಲ್ಲಿ ಕರೆ ಬಂತು. ಹೋಗಿ ನೋಡಿದರೆ ಸಡಿಲವಾದ ಪಿನ್ನು ಕಾದು, ಕಪ್ಪು ಪ್ಲಾಸ್ಟಿಕ್ ಬೆಲ್ಲದ ಪಾಕದಂತೆ ಕರಗಿ ಕೇಬಲ್ಲಿಗೆ ಅಂಟಿತ್ತು. ಬಿಲ್ಲಿನಲ್ಲಿ ದುಡ್ಡು ಕಡಿದರು. ತಪ್ಪು ನನ್ನದೇ.

ಪಿನ್ನನ್ನು ತಂತಿಗೆ ಬಿಗಿಯಾಗಿ ಒತ್ತುವ ಸರಿಯಾದ ಕ್ರಿಂಪಿಂಗ್ ಇಕ್ಕಳಕ್ಕೆ ಒಬ್ಬನೇ ದುಡ್ಡು ಹಾಕುವ ಬದಲು ನಾಲ್ಕು ಅಂಗಡಿಯವರನ್ನು ಕೂರಿಸಿಕೊಂಡೆ. ಇಕ್ಕಳ, ನಟ್ಟನ್ನು ಬೇಕಾದಷ್ಟೇ ಬಿಗಿಯುವ ಟಾರ್ಕ್ ಸ್ಪ್ಯಾನರ್, ಬಿಸಿಯಾದ ಜಾಗ ತೋರಿಸುವ ಥರ್ಮಲ್ ಕ್ಯಾಮೆರಾ ಎಲ್ಲರ ಪಾಲಿನದಾಯಿತು. ಯಾರು ಒಯ್ದರು, ಯಾವಾಗ ತಂದರು ಎನ್ನುವುದಕ್ಕೆ ಒಂದು ಪುಸ್ತಕ. ಜಗಳವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕ್ಯಾಮೆರಾ ಬೀಳಿಸಿದವರು ಯಾರೆಂದು ಇವತ್ತಿಗೂ ಇತ್ಯರ್ಥವಾಗಿಲ್ಲ. ಕಂಪನಿಗಳು ನಿಜವಾಗಿ ಕೇಳುತ್ತಿದ್ದದ್ದು ಕಾಗದ: ವಿದ್ಯುತ್ ಗುತ್ತಿಗೆದಾರರ ಪರವಾನಗಿ, ಪಿಎಫ್, ಇಎಸ್‌ಐ, ಜಿಎಸ್‌ಟಿ. ಅವನ್ನು ಒಂದೇ ಸಂಸ್ಥೆಯ ಹೆಸರಿನಲ್ಲಿ ಮಾಡಿಸಿದ ಮೇಲೆಯೇ ನಮ್ಮನ್ನು ಕುರ್ಚಿ ಕೊಟ್ಟು ಮಾತನಾಡಿಸಿದರು.

ಆಮೇಲೆ ನೀರಿನ ಪಾಠ. ಫ್ಲೋರೈಡ್‌ಗೆ ಹೆಸರಾದ ನಮ್ಮ ಕೊಳವೆಬಾವಿಯ ನೀರು ಗಡಸೂ ಹೌದು. ತೊಳೆದ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತಿತ್ತು. ಸೇರಿ ಒಂದು ಶುದ್ಧೀಕರಣ ಘಟಕ ಹಾಕಿದೆವು. ಬಿಸಿಲೇರುವ ಮೊದಲೇ ತೊಳೆದು ಮುಗಿಸುತ್ತೇವೆ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುವ ಭಯ.

ಸಭೆಗಳಲ್ಲಿ ಎಲ್ಲರೂ ಪ್ಯಾನೆಲ್ ಕಾರ್ಖಾನೆ ತನ್ನಿ ಎನ್ನುತ್ತಾರೆ. ಬಂದರೆ ಬೇಡ ಎನ್ನಲಾರೆ. ಆದರೆ ಹಡಗಿನಲ್ಲಿ ಬರುವ ಸೆಲ್ಲುಗಳನ್ನು ಜೋಡಿಸಲು ಬಂದರು ಬಿಟ್ಟು ಬರಪೀಡಿತ ತಾಲ್ಲೂಕಿಗೆ ಯಾರು ಬರುತ್ತಾರೆ? ದುರಸ್ತಿ ಹಾಗಲ್ಲ, ಕೆಟ್ಟ ಜಾಗದಲ್ಲೇ ಆಗಬೇಕು. ಇನ್ವರ್ಟರಿನ ಕಾರ್ಡುಗಳು, ಅಂದರೆ ಒಳಗಿನ ಸರ್ಕ್ಯೂಟ್ ಹಲಗೆಗಳು ಮಾತ್ರ ಇನ್ನೂ ಬೆಂಗಳೂರಿಗೆ ಹೋಗುತ್ತಿವೆ. ಐಟಿಐ ಮುಗಿಸಿದ ಇಬ್ಬರು ಹುಡುಗಿಯರು ಗುಜರಿಗೆ ಬಿದ್ದ ಕಾರ್ಡುಗಳ ಮೇಲೆ ಬೆಸುಗೆ ಕಲಿಯುತ್ತಿದ್ದಾರೆ. ಹೋದ ವಾರ ಒಂದಕ್ಕೆ ಜೀವ ಬಂತು.