ಕ್ಯಾಂಡಿಡಾ ಬಯೋಫಿಲ್ಮ್ ಮೇಲೆ ಮೆಥಿಲೀನ್ ಬ್ಲೂ ಮತ್ತು ಕೆಂಪು ಬೆಳಕು: ಲ್ಯಾಬ್‌ನಲ್ಲಿ ಪರೀಕ್ಷಿಸುವ ಬಗೆ

ಹಲ್ಲಿನ ಸೆಟ್ಟಿನ ಅಡಿಯಲ್ಲಿ ಕೂತು ಅಂಗುಳನ್ನು ಕೆಂಪಾಗಿಸುವ ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಶಿಲೀಂಧ್ರ, ಬಯೋಫಿಲ್ಮ್ (ಮೇಲ್ಮೈಗೆ ಅಂಟಿದ ಕೋಶಗಳ ಪದರ) ಕಟ್ಟಿಕೊಂಡರೆ ಶಿಲೀಂಧ್ರದ ಔಷಧಿಯಾದ ಫ್ಲುಕೊನಜೋಲ್‌ಗೆ ಸುಲಭವಾಗಿ ಬಗ್ಗುವುದಿಲ್ಲ. ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಮತ್ತು ಕೆಂಪು ಬೆಳಕು ಸೇರಿ ಅದನ್ನು ಎಷ್ಟರಮಟ್ಟಿಗೆ ಕೊಲ್ಲುತ್ತವೆ ಎಂದು 96 ಗುಳಿಯ ಪ್ಲೇಟಿನಲ್ಲಿ ನೋಡಬಹುದು. ಇದು ಲ್ಯಾಬ್ ಕೆಲಸ, ಮನೆಮದ್ದಲ್ಲ.

ವೈಪಿಡಿ ಎಂಬ ಯೀಸ್ಟ್ ಬೆಳೆಸುವ ದ್ರವದಲ್ಲಿ ರಾತ್ರಿಯಿಡೀ ಬೆಳೆದ ಕೋಶಗಳನ್ನು ಫಾಸ್ಫೇಟ್ ಉಪ್ಪುದ್ರಾವಣವಾದ ಪಿಬಿಎಸ್‌ನಲ್ಲಿ ಎರಡು ಸಲ ತೊಳೆಯಿರಿ. ಆರ್‌ಪಿಎಂಐ 1640 ಎಂಬ ಪೋಷಕ ದ್ರವದಲ್ಲಿ ಮಿ.ಲೀ.ಗೆ 10 ಲಕ್ಷ ಕೋಶಗಳಿರುವಂತೆ ಕದಡಿ, ಗುಳಿಗೆ 100 ಮೈಕ್ರೋಲೀಟರ್ ಹಾಕಿ. 37 ಡಿಗ್ರಿಯಲ್ಲಿ 90 ನಿಮಿಷ ಅಂಟಲು ಬಿಟ್ಟು, ಅಂಟದವನ್ನು ತೊಳೆದು, ಹೊಸ ಆರ್‌ಪಿಎಂಐಯಲ್ಲಿ 48 ಗಂಟೆ ಬೆಳೆಸಿ. 24 ಗಂಟೆಗೆ ಒಮ್ಮೆ ಬದಲಿಸಿ. ತೊಳೆಯುವಾಗ ಪಿಪೆಟ್ ತುದಿಯನ್ನು ಗುಳಿಯ ಗೋಡೆಗೆ ಆನಿಸಿ ನಿಧಾನ ಬಿಡಿ. ನೇರ ಸುರಿದರೆ ಬಯೋಫಿಲ್ಮ್ ಹಾಳೆಯಂತೆ ಎದ್ದುಬರುತ್ತದೆ, ಆಮೇಲೆ ಅದನ್ನೇ ಬೆಳಕಿನ ಪರಿಣಾಮ ಎಂದುಕೊಳ್ಳುತ್ತೇವೆ.

ಮೆಥಿಲೀನ್ ಬ್ಲೂವಿನ 10 ಮಿಲಿಮೋಲಾರ್ ಮೂಲ ದ್ರಾವಣ, ಅಂದರೆ ಸ್ಟಾಕ್‌ಗೆ 10 ಮಿ.ಲೀ. ನೀರಿಗೆ 32 ಮಿ.ಗ್ರಾಂ ಬಣ್ಣ ಬೇಕು. ಆದರೆ ಡಬ್ಬಿ ನೋಡಿ: ಟ್ರೈಹೈಡ್ರೇಟ್ (ನೀರಿನ ಅಣುಗಳು ಸೇರಿದ ರೂಪ) ಆದರೆ 37.4 ಮಿ.ಗ್ರಾಂ. 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಫಾಯಿಲ್ ಸುತ್ತಿಡಿ. ಬಯೋಫಿಲ್ಮ್ ಮೇಲಿನ ಆರ್‌ಪಿಎಂಐ ಪೂರ್ತಿ ತೆಗೆದು ತೊಳೆದ ನಂತರವೇ, ಪಿಬಿಎಸ್‌ನಲ್ಲಿ 100 ಮೈಕ್ರೋಮೋಲಾರ್‌ಗೆ ಇಳಿಸಿದ ಬಣ್ಣ 100 ಮೈಕ್ರೋಲೀಟರ್ ಹಾಕಿ, ಕತ್ತಲಲ್ಲಿ 10 ನಿಮಿಷ ಬಿಡಿ.

ಹೆಚ್ಚಿನವರು ಎಡವುವುದು ಇಲ್ಲೇ. ಫಲ ಕಾಣದಿದ್ದರೆ ಬಣ್ಣ ಏರಿಸುತ್ತಾರೆ. ಗುಳಿಯಲ್ಲಿ ದ್ರವದ ಆಳ ಸುಮಾರು 3 ಮಿ.ಮೀ.; ಮೇಲಿಂದ ಬೆಳಕು ಬಿಟ್ಟರೆ ಅದರ ಬಹುಪಾಲು ಆ ನೀಲಿ ದ್ರವದಲ್ಲೇ ಹೀರಿಹೋಗುತ್ತದೆ, ತಳದ ಬಯೋಫಿಲ್ಮ್ ಕತ್ತಲಲ್ಲೇ ಉಳಿಯುತ್ತದೆ. ಬಣ್ಣ ಗಟ್ಟಿಯಾದಷ್ಟೂ ಅಣುಗಳು ಜೋಡಿಗಟ್ಟಿ, ಹೀರುವ ಶಿಖರವೂ 664 ನ್ಯಾನೋಮೀಟರಿನಿಂದ 610ರತ್ತ ಸರಿಯುತ್ತದೆ. ಕಪ್ಪು ಗೋಡೆ, ಪಾರದರ್ಶಕ ತಳದ ಪ್ಲೇಟ್ ತಂದು ಕೆಳಗಿನಿಂದ ಬೆಳಗಿಸಿ. ಪಕ್ಕದ ಗುಳಿಗೆ ಬೆಳಕು ಸೋರುವ ತಾಪತ್ರಯವೂ ತಪ್ಪುತ್ತದೆ.

660 ನ್ಯಾನೋಮೀಟರ್ ಎಲ್‌ಇಡಿಯನ್ನು ಪ್ಲೇಟ್ ಇಡುವ ಎತ್ತರದಲ್ಲೇ ಪವರ್ ಮೀಟರ್‌ನಿಂದ ಅಳೆಯಿರಿ. ಚದರ ಸೆಂ.ಮೀ.ಗೆ 50 ಮಿಲಿವ್ಯಾಟ್ ಬಂದರೆ 10 ನಿಮಿಷಕ್ಕೆ 30 ಜೂಲ್. ಬಣ್ಣ ಮಾತ್ರ, ಬೆಳಕು ಮಾತ್ರ, ಎರಡೂ ಇಲ್ಲದ್ದು, ಈ ಮೂರು ಕಂಟ್ರೋಲ್‌ಗಳು ಕಡ್ಡಾಯ. ಬೆಳಕು ಮಾತ್ರದ ಗುಳಿಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದರೆ ಫ್ಯಾನ್ ಹಾಕಿ.

ಎಕ್ಸ್‌ಟಿಟಿ (ಬಣ್ಣ ಬದಲಾವಣೆಯಿಂದ ಜೀವಂತ ಕೋಶಗಳನ್ನು ಅಳೆಯುವ ಪರೀಕ್ಷೆ) ಬೇಡ. ಮೆಥಿಲೀನ್ ಬ್ಲೂ ತಾನೇ ಎಲೆಕ್ಟ್ರಾನ್ ಸಾಗಿಸಿ ಸುಳ್ಳು ಓದು ಕೊಡಬಲ್ಲದು. ಮಂದ ಬೆಳಕಿನಲ್ಲಿ ತೊಳೆದು, ಕೆರೆದು, ಒಂದು ನಿಮಿಷ ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಅಲುಗಾಡಿಸಿ, ಹತ್ತರ ಪಟ್ಟು ತೆಳುವಾಗಿಸುತ್ತ ಶಿಲೀಂಧ್ರ ಬೆಳೆಸುವ ಸಬೂರಾ ಅಗಾರ್ ಮೇಲೆ ಹರಡಿ. 37 ಡಿಗ್ರಿಯಲ್ಲಿ 48 ಗಂಟೆಗೆ ಕಾಲೊನಿ ಎಣಿಸಿ. ಹರಡುವ ಮುನ್ನ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಒಳ್ಳೆಯದು: ತಂತುಗಳ ಗಂಟು ಬಿಡಿಸಿರದಿದ್ದರೆ ನೂರಾರು ಜೀವಂತ ಕೋಶಗಳು ಒಂದೇ ಕಾಲೊನಿಯಾಗಿ ಲೆಕ್ಕಕ್ಕೆ ಬರುತ್ತವೆ.