ಗಂಗಾವತಿಯ ಮಾಳಿಗೆ ಮೇಲೆ ಗೇಣಗಲದ ಬ್ರೊಮೀಲಿಯಾಡ್

ಗಂಗಾವತಿಯ ಬಿಸಿಲಿಗೆ ಬ್ರೊಮೀಲಿಯಾಡ್ ಎಂಬ ಅಲಂಕಾರದ ಗಿಡ ತಡೆಯುತ್ತದಾ ಎಂದು ನನ್ನನ್ನು ಕೇಳುವವರು ಜಾಸ್ತಿ. ನೆರಳು ಸರಿಯಾಗಿ ಮಾಡಿಕೊಟ್ಟರೆ ತಡೆಯುತ್ತದೆ. ಅದಕ್ಕೆ ತಡೆದುಕೊಳ್ಳಲು ಆಗದೇ ಇರುವುದು ನಮ್ಮ ಬೋರ್ ನೀರು. ಈ ಗಿಡ ಸಾಕಲು ಶುರು ಮಾಡಿದ ಮೇಲೆ ನಾನು ತಲೆ ಕೆಡಿಸಿಕೊಂಡಿದ್ದು ಹೆಚ್ಚಾಗಿ ನೀರಿನ ವಿಷಯಕ್ಕೇ.

ನನ್ನ ಹತ್ತಿರ ಇರುವುದು ನಿಯೋರೆಜೀಲಿಯಾ ಗುಂಪಿನ ಮಿನಿ ಹೈಬ್ರಿಡ್. ಎಲೆ ಪೂರ್ತಿ ಬಿಚ್ಚಿ ನಿಂತರೂ ಒಂದು ಗೇಣಿಗಿಂತ ಅಗಲ ಆಗುವುದಿಲ್ಲ. ಫೈರ್‌ಬಾಲ್ ಎಂಬ ಸಣ್ಣ ಕೆಂಪು ತಳಿ ಇದೆಯಲ್ಲ, ಇಂಥ ಪುಟ್ಟ ಹೈಬ್ರಿಡ್‌ಗಳಲ್ಲಿ ಬಹಳಷ್ಟಕ್ಕೆ ಅದೇ ತಾಯಿ ಇಲ್ಲವೇ ತಂದೆ. ನಾನು ತಂದ ನರ್ಸರಿಗೆ ಗಿಡ ಬರುವುದು ಆಂಧ್ರದ ಕಡಿಯಂನಿಂದ, ಲಾರಿಯಲ್ಲಿ. ಲೇಬಲ್ ಮೇಲೆ ತಳಿಯ ಹೆಸರು ಇರಲಿಲ್ಲ. ನರ್ಸರಿಯವರು ‘ಬ್ರೊಮೀಲಿಯಾ, ಚಿಕ್ಕದು’ ಎಂದರು, ಅಷ್ಟೇ. ಹೆಸರು ಗೊತ್ತಿಲ್ಲದಿದ್ದರೂ ಸಾಕುವುದಕ್ಕೆ ಏನೂ ತೊಂದರೆ ಇಲ್ಲ.

ಇದು ಅನಾನಸ್ ಬಳಗದ ಗಿಡ. ಅನಾನಸ್ ಹಣ್ಣಿನ ಜುಟ್ಟು ನೋಡಿದರೆ ನೆಂಟಸ್ತನ ಗೊತ್ತಾಗುತ್ತದೆ. ನಿಯೋರೆಜೀಲಿಯಾಗಳ ತವರು ಮುಖ್ಯವಾಗಿ ಬ್ರೆಜಿಲ್‌ನ ಪೂರ್ವ ಕರಾವಳಿಯ ಕಾಡು. ಅಲ್ಲಿ ಇವು ಮರದ ಕೊಂಬೆ ಹಿಡಿದು ಬದುಕುತ್ತವೆ. ಬೇರಿನ ಮುಖ್ಯ ಕೆಲಸ ಹಿಡಿದುಕೊಳ್ಳುವುದು. ನೀರು, ಗೊಬ್ಬರ ಕುಡಿಯುವುದು ಜಾಸ್ತಿ ಎಲೆಗಳೇ. ಎಲೆಗಳ ಬುಡ ಒಂದಕ್ಕೊಂದು ಅಂಟಿಕೊಂಡು ನಡುವೆ ಬಟ್ಟಲಿನ ಹಾಗೆ ಆಗುತ್ತದೆ. ಮಳೆ ನೀರು ಅಲ್ಲಿ ನಿಲ್ಲುತ್ತದೆ. ಎಲೆಯ ಮೇಲಿನ ಸಣ್ಣ ಹುರುಪೆಗಳು ಆ ನೀರನ್ನು ಎಳೆದುಕೊಳ್ಳುತ್ತವೆ.

ಇಷ್ಟು ಗೊತ್ತಾದರೆ ಬೋರ್ ನೀರು ಯಾಕೆ ಬೇಡ ಎಂಬುದು ತಾನಾಗಿ ತಿಳಿಯುತ್ತದೆ. ಮಳೆ ನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಬೋರ್ ನೀರಿಗೆ ಟಿಡಿಎಸ್ ಮೀಟರ್ (ಕರಗಿದ ಲವಣ ಅಳೆಯುವ ಉಪಕರಣ) ಇಟ್ಟರೆ ಲೀಟರಿಗೆ ಸಾವಿರ ಮಿಲಿಗ್ರಾಂ ದಾಟುತ್ತದೆ. ಕುಡಿಯುವ ನೀರಿಗೇ 500ರ ಒಳಗೆ ಇರಲಿ ಎನ್ನುತ್ತದೆ ಭಾರತೀಯ ಮಾನಕ. ಬೇರೆ ಗಿಡಕ್ಕೆ ಹಾಕಿದ ನೀರು ಮಣ್ಣಿನಲ್ಲಿ ಇಳಿದು ಪಾಟಿನ ತೂತಿನಿಂದ ಹೊರಗೆ ಹೋಗುತ್ತದೆ. ಇದರ ಬಟ್ಟಲಿಗೆ ತೂತಿಲ್ಲ. ಏಪ್ರಿಲ್ ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಮತ್ತೆ ನೀರು ಹಾಕಿದರೆ ಮತ್ತಷ್ಟು ಉಪ್ಪು. ಮೊದಲು ಎಲೆಯ ಮೇಲೆ ಬಿಳಿ ಪೊರೆ ಕಾಣುತ್ತದೆ. ಆಮೇಲೆ ತುದಿ ಕಂದಾಗಿ ಸುಡುತ್ತದೆ. ನೋಡಿದವರು ಬಿಸಿಲು ಬಡಿದಿದೆ ಅಂದುಕೊಂಡು ಇನ್ನೂ ನೀರು ಸುರಿಯುತ್ತಾರೆ.

ಅದಕ್ಕೇ ನಾನು ಬಟ್ಟಲಿಗೆ ಹಾಕುವುದು ಮಳೆ ನೀರು. ಮಾಳಿಗೆಯ ಪೈಪಿಗೆ ಡ್ರಮ್ ಹಚ್ಚಿದ್ದೇನೆ. ಮೊದಲ ಮಳೆಯ ನೀರು ಬಿಟ್ಟುಬಿಡುತ್ತೇನೆ, ಅದರಲ್ಲಿ ಧೂಳು ಮತ್ತು ಅಕ್ಕಿ ಮಿಲ್ಲಿನ ಬೂದಿ ಇರುತ್ತದೆ. ಡ್ರಮ್ ಖಾಲಿಯಾದ ಮೇಲೆ ಕಾಯಿನ್ ಹಾಕಿ ತರುವ ಫಿಲ್ಟರ್ ನೀರು. ‘ಗಿಡಕ್ಕೆ ಫಿಲ್ಟರ್ ನೀರಾ’ ಎಂದು ಮನೆಯಲ್ಲಿ ನಗುತ್ತಾರೆ. ನಗಲಿ. ಇಂಥ ಪುಟ್ಟ ಗಿಡಕ್ಕೆ ಒಂದು ಸಲಕ್ಕೆ ಅರ್ಧ ಲೋಟ ಸಾಕು. ಒಂದು ಕ್ಯಾನ್ ತಂದರೆ ಎಷ್ಟೋ ದಿನ ಬರುತ್ತದೆ. ಮನೆಯ ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನು ಮಾತ್ರ ಹಾಕಬೇಡಿ. ಬೋರ್ ನೀರಿಗಿಂತ ಅದರಲ್ಲಿ ಉಪ್ಪು ಜಾಸ್ತಿ.

ನೀರು ಹಾಕುವುದು ಸಂಜೆ. ಅನಾನಸ್ ಹಾಗೆಯೇ ಈ ಗುಂಪಿನ ಬಹಳ ಗಿಡಗಳು ಹಗಲು ಎಲೆಯ ರಂಧ್ರ ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ. ಒಣ ಸೀಮೆಯಲ್ಲಿ ಬದುಕಲು ಇದು ಒಳ್ಳೆಯ ಉಪಾಯ, ಅಲ್ವಾ? ಸಂಜೆ ತಂಪಾದ ಮೇಲೆ ಹಾಕಿದ ನೀರು ಬೆಳಿಗ್ಗೆತನಕ ತಂಪಾಗಿರುತ್ತದೆ. ಮಧ್ಯಾಹ್ನದ ಹೊತ್ತು ಬಟ್ಟಲಿನ ನೀರು ಕಾದರೆ ನಡುವಿನ ಎಳೆ ಎಲೆ ಕೊಳೆಯುವ ಭಯ ಇದೆ.

ನಿಂತ ನೀರು ಎಂದ ಮೇಲೆ ಸೊಳ್ಳೆ ಮಾತು ಬರಲೇಬೇಕು. ಡೆಂಗಿ ಸೀಸನ್‌ನಲ್ಲಿ ನಮ್ಮ ಓಣಿಗೆ ಲಾರ್ವಾ ನೋಡಲು ಬಂದ ಆಶಾ ಕಾರ್ಯಕರ್ತೆ ನೇರವಾಗಿ ಇದರ ಮುಂದೆ ನಿಂತರು. ‘ಅಕ್ಕಾರ, ಎಲಿ ನಡುವ ನೀರು ನಿಂತಾವಲ್ರಿ!’ ಅವರು ಹೇಳಿದ್ದು ಸರಿಯೇ. ಬೇಸಿಗೆ, ಮಳೆಗಾಲದ ಶೆಕೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಹಾಗಾಗಿ ವಾರಕ್ಕೆ ಎರಡು ಸಲ ಪಾಟ್ ಸಮೇತ ಬಗ್ಗಿಸಿ ನೀರು ಪೂರ್ತಿ ಚೆಲ್ಲುತ್ತೇನೆ. ಹೊಸ ನೀರನ್ನು ಸ್ವಲ್ಪ ಎತ್ತರದಿಂದ ಹೊಯ್ದು ಮತ್ತೊಮ್ಮೆ ಚೆಲ್ಲಿ, ಆಮೇಲೆ ತುಂಬುತ್ತೇನೆ. ಎಲೆಯ ಸಂದಿಯಲ್ಲಿ ಅಂಟಿದ ಹುಳ ಇದ್ದರೂ ಹೊರಗೆ ಬರುತ್ತದೆ. ಚೆಲ್ಲುವುದು ಒಣ ನೆಲದ ಮೇಲೆ, ಮೋರಿಗಲ್ಲ. ಹೀಗೆ ತೊಳೆದರೆ ಕೂತ ಉಪ್ಪೂ ಹೋಗುತ್ತದೆ, ಬೂದಿಯೂ ಹೋಗುತ್ತದೆ. ಅಕ್ಕಿ ಮಿಲ್ಲುಗಳ ಊರಿನಲ್ಲಿ ಇರುವವರಿಗೆ ಆ ಕರಿ ಬೂದಿಯ ಬಗ್ಗೆ ಹೇಳುವುದೇ ಬೇಡ. ಒಣಗಲು ಹಾಕಿದ ಬಟ್ಟೆ ಮೇಲೂ ಅದೇ, ಗಿಡದ ಮೇಲೂ ಅದೇ.

ಆ ಬೂದಿಯನ್ನೇ ಪಾಟಿಗೆ ಹಾಕಿ, ಪುಕ್ಕಟೆ ಸಿಗುತ್ತದೆ ಎಂದವರೂ ಇದ್ದಾರೆ. ನಾನು ಒಪ್ಪಲಿಲ್ಲ. ಬೂದಿ ಕ್ಷಾರ, ಈ ಗಿಡಕ್ಕೆ ಸ್ವಲ್ಪ ಹುಳಿ ಇರುವ ಮಿಶ್ರಣ ಹಿತ. ಅದೂ ಅಲ್ಲದೆ ನೆನೆದ ಬೂದಿ ಗಟ್ಟಿಯಾಗಿ ಕೂತರೆ ಬೇರಿಗೆ ಗಾಳಿ ಇಲ್ಲ. ನಾನು ಹಾಕುವುದು ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಇಟ್ಟಂಗಿ ಚೂರು. ಸಿಪ್ಪೆಯನ್ನು ಮೊದಲು ನೀರು ಬದಲಿಸುತ್ತ ನೆನೆಸುತ್ತೇನೆ, ಅದರಲ್ಲೂ ಉಪ್ಪು ಇರುತ್ತದೆ. ಮಣ್ಣು ಒಂದು ಹಿಡಿಯೂ ಇಲ್ಲ. ನಮ್ಮ ಎರಿ ಮಣ್ಣಂತೂ ಬೇಡವೇ ಬೇಡ. ಪಾಟ್ ನಾಲ್ಕು ಇಂಚಿನದು. ದೊಡ್ಡ ಪಾಟ್ ಕೊಟ್ಟರೆ ಖುಷಿಯಾಗಿ ಬೆಳೆಯುತ್ತದೆ ಅಂದುಕೊಳ್ಳಬಾರದು. ಒಳಗೆ ತೇವ ಆರದೆ ಬೇರು ಕೊಳೆಯುತ್ತದೆ.

ಬೆಳಕಿಗೆ ಬರುತ್ತೇನೆ. ಗಿಡ ಪುಟ್ಟದಾಗಿ, ಬಿಗಿಯಾಗಿ, ಕೆಂಪಾಗಿ ಉಳಿಯುವುದಕ್ಕೆ ತಳಿ ಎಷ್ಟು ಕಾರಣವೋ ಬೆಳಕೂ ಅಷ್ಟೇ ಕಾರಣ. ನನ್ನ ಒಂದೇ ಗಿಡದ ಮರಿಗಳಲ್ಲಿ ಒಂದನ್ನು ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಟೆ, ಉಳಿದವು ಮಾಳಿಗೆ ಮೇಲೆ. ಒಳಗಿನದು ಉದ್ದ ಎಲೆ ಬಿಟ್ಟು ಹಸಿರಾಗಿ ಜೋತು ಬಿತ್ತು. ಮೇಲಿನವು ಗಿಡ್ಡವಾಗಿ, ಅಗಲ ಎಲೆಯಾಗಿ, ಕೆಂಪೇರಿದವು. ನೋಡಿದವರು ಎರಡು ಬೇರೆ ತಳಿ ಎಂದೇ ತಿಳಿಯುತ್ತಾರೆ.

ಜೂನ್‌ನಿಂದ ಫೆಬ್ರವರಿತನಕ 50 ಪರ್ಸೆಂಟ್ ಶೇಡ್ ನೆಟ್ ಸಾಕು. ಬೆಳಗಿನ ಬಿಸಿಲು ನೇರ ಬಿದ್ದರೂ ಪರವಾಗಿಲ್ಲ. ಮಾರ್ಚ್ ಬಂತೆಂದರೆ ಎರಡನೇ ನೆಟ್ ಹಾಕುತ್ತೇನೆ. 40 ಡಿಗ್ರಿ ದಾಟುವ ವಾರಗಳಲ್ಲಿ ಕೆಳಗೆ ತಂದು ಪೂರ್ವದ ಪಡಸಾಲೆಯಲ್ಲಿ ಇಡುತ್ತೇನೆ. ಮಾಳಿಗೆಯ ನೆಲ ರಾತ್ರಿ ಹತ್ತಾದರೂ ಕಾದಿರುತ್ತದೆ, ರಾತ್ರಿ ಉಸಿರಾಡುವ ಗಿಡಕ್ಕೆ ಆ ಶೆಕೆ ಒಳ್ಳೆಯದಲ್ಲ. ಮತ್ತೆ ಮೇಲೆ ಒಯ್ಯುವಾಗ ದಿನಕ್ಕಿಷ್ಟು ಎಂದು ಬೆಳಕು ರೂಢಿ ಮಾಡಿಸಬೇಕು. ಬಿಸಿಲು ಸುಟ್ಟ ಕಲೆ ಆ ಎಲೆ ಇರುವತನಕ ಹೋಗುವುದಿಲ್ಲ. ಬಣ್ಣ ನೋಡಬೇಕೆಂದರೆ ಡಿಸೆಂಬರ್, ಜನವರಿಯಲ್ಲಿ ಬರಬೇಕು. ತಂಪು ರಾತ್ರಿ, ಚೆನ್ನಾದ ಹಗಲ ಬೆಳಕು, ಎರಡೂ ಕೂಡಿದಾಗ ಎಲೆ ಕುಂಕುಮ ಬಣ್ಣಕ್ಕೆ ಬರುತ್ತದೆ.

ಗೊಬ್ಬರ ಇಲ್ಲವೆನ್ನುವಷ್ಟು ಕಡಿಮೆ. ನೆಡುವಾಗ ನಿಧಾನವಾಗಿ ಕರಗುವ ಗುಳಿಗೆ ಗೊಬ್ಬರ ನಾಲ್ಕೈದು ಕಾಳು, ಅದೂ ಪಾಟಿಗೆ. ಬಟ್ಟಲಿಗೆ ಏನೂ ಇಲ್ಲ. ಯೂರಿಯಾ ನೀರು ಕೊಟ್ಟರೆ ಗಿಡ ಜೋರಾಗಿ ಬೆಳೆಯುತ್ತದೆ, ಆದರೆ ಮಿನಿ ಅನ್ನುವ ಮಾತು ಮುಗಿಯಿತು.

ಇನ್ನೊಂದು ವಿಷಯ ನಮ್ಮ ಜಿಲ್ಲೆಯವರಿಗೆ ಒತ್ತಿ ಹೇಳಬೇಕು. ಕುಷ್ಟಗಿ, ಯಲಬುರ್ಗಾ ಕಡೆ ದಾಳಿಂಬೆ ಬೆಳೆಯುವವರ ಮನೆಯಲ್ಲಿ ಬೋರ್ಡೋ ದ್ರಾವಣ, ಕಾಪರ್ ಆಕ್ಸಿಕ್ಲೋರೈಡ್‌ನಂಥ ತಾಮ್ರದ ಔಷಧಿ ಇದ್ದೇ ಇರುತ್ತದೆ. ಎಲೆ ಮೇಲೆ ಚುಕ್ಕೆ ಕಂಡ ಕೂಡಲೇ ಒಂದಿಷ್ಟು ಹೊಡೆದುಬಿಡೋಣ ಅನಿಸುತ್ತದೆ. ಬೇಡ. ತಾಮ್ರ ಬ್ರೊಮೀಲಿಯಾಡ್‌ಗೆ ವಿಷ. ಬಟ್ಟಲಿಗೆ ಇಳಿದರೆ ನಡು ಎಲೆಯೇ ಸಾಯುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರು ಒಳಗಿನ ತಾಮ್ರದ ಕೊಳವೆ ಮುಟ್ಟಿ ಬರುವುದರಿಂದ ಅದನ್ನೂ ನಾನು ಹಾಕುವುದಿಲ್ಲ. ತಾಮ್ರದ ಚೆಂಬಿನಲ್ಲಿ ರಾತ್ರಿ ಇಟ್ಟು ಬೆಳಿಗ್ಗೆ ಕುಡಿಯುವವರು ಉಳಿದ ನೀರನ್ನು ತುಳಸಿಗೆ ಹಾಕಲಿ, ಇದಕ್ಕೆ ಬೇಡ. ಕಟ್ಟಲು ತಾಮ್ರದ ತಂತಿಯೂ ಬೇಡ. ಎಲೆಗೆ ಅಂಟಿಕೊಳ್ಳುವ ಶಲ್ಕ ಕೀಟ, ಹಿಟ್ಟು ತಿಗಣೆ ಬಂದರೆ ಹತ್ತಿಯನ್ನು ತೆಳು ಸೋಪು ನೀರಿನಲ್ಲಿ ಅದ್ದಿ ಒರೆಸಿ, ಒಳ್ಳೆಯ ನೀರಿನಲ್ಲಿ ತೊಳೆಯುತ್ತೇನೆ. ಎಣ್ಣೆ ಹೊಡೆಯುವುದಿಲ್ಲ. ನೀರು ಕುಡಿಯುವ ಹುರುಪೆಗಳನ್ನು ಎಣ್ಣೆ ಮುಚ್ಚಿಬಿಡುತ್ತದೆ.

ಹೂವಿನ ಆಸೆಗೆ ಇದನ್ನು ತರುವವರಿಗೆ ನಿರಾಸೆ ಆಗಬಹುದು. ಹೂವು ಸಣ್ಣ, ತಿಳಿ ನೇರಳೆ, ಬಟ್ಟಲಿನ ನೀರಿನ ಮಟ್ಟದಲ್ಲೇ ಅರಳುತ್ತದೆ. ಬಗ್ಗಿ ನೋಡಿದರಷ್ಟೇ ಕಾಣುತ್ತದೆ. ಗಿಡ ಒಮ್ಮೆ ಹೂ ಬಿಟ್ಟರೆ ಮತ್ತೆ ಬಿಡುವುದಿಲ್ಲ. ಮರಿ ಹಾಕಿ ನಿಧಾನವಾಗಿ ಮುಗಿಯುತ್ತದೆ. ಬೆಳೆದ ಗಿಡ ಹೂ ಬಿಡದೆ ಸುಮ್ನೆ ನಿಂತಿದ್ದರೆ ಬಟ್ಟಲಿನ ನೀರು ಚೆಲ್ಲಿ, ಒಂದು ಹಣ್ಣಾದ ಸೇಬಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಒಂದು ವಾರ ಕಟ್ಟಿ ನೆರಳಿನಲ್ಲಿ ಇಡಬಹುದು. ಸೇಬು ಬಿಡುವ ಎಥಿಲಿನ್ ಗಾಳಿಗೆ ಹೂ ಹೊರಡುತ್ತದೆ. ಅನಾನಸ್ ತೋಟಗಳಲ್ಲಿ ಎಥಿಲಿನ್ ಬಿಡುವ ಎಥೆಫಾನ್ ಔಷಧಿ ಹೊಡೆಯುವುದೂ ಇದೇ ಕೆಲಸಕ್ಕೆ. ಎಳೆ ಗಿಡಕ್ಕೆ ಈ ಉಪಾಯ ಮಾಡಬೇಡಿ.

ಮರಿ ಹೊರಡುವುದು ಬುಡದ ಪಕ್ಕದಿಂದ, ಬೆರಳುದ್ದದ ಬಳ್ಳಿಯ ತುದಿಯಲ್ಲಿ. ಹೈಬ್ರಿಡ್ ಆದ್ದರಿಂದ ಬೀಜ ಹಾಕಿದರೆ ಅದೇ ಗಿಡ ಬರುವ ಗ್ಯಾರಂಟಿ ಇಲ್ಲ, ಮರಿಯೇ ದಾರಿ. ತಾಯಿಯ ಅರ್ಧದಷ್ಟು ಆಗುವತನಕ ನಾನು ಮುಟ್ಟುವುದಿಲ್ಲ. ಸಣ್ಣದಿರುವಾಗ ಕಿತ್ತರೆ ಬೇರು ಬಿಡಲು ಒದ್ದಾಡುತ್ತದೆ. ಕೀಳುವುದು ಜುಲೈ, ಆಗಸ್ಟ್‌ನಲ್ಲಿ, ಗಾಳಿಯಲ್ಲಿ ತೇವ ಇರುವಾಗ. ಚೂಪಾದ ಚಾಕುವಿನಿಂದ ಬಳ್ಳಿಯನ್ನು ತಾಯಿಯ ಹತ್ತಿರ ಕತ್ತರಿಸಿ, ಗಾಯ ಆರಲು ಒಂದು ದಿನ ನೆರಳಿನಲ್ಲಿ ಬಿಟ್ಟು, ಆಮೇಲೆ ನೆಡುತ್ತೇನೆ. ಬೇರು ಕಚ್ಚುವತನಕ ಅಲುಗಾಡದಂತೆ ಪಕ್ಕದಲ್ಲಿ ಎರಡು ಇಟ್ಟಂಗಿ ತುಂಡು ಒತ್ತಿಡುತ್ತೇನೆ. ಮರಿ ತೆಗೆದ ಮೇಲೆ ತಾಯಿ ಗಿಡವನ್ನು ಎಸೆಯಬೇಡಿ. ಬಹಳ ಸಲ ಇನ್ನೊಂದು ಸುತ್ತು ಮರಿ ಬರುತ್ತದೆ.